ರಕ್ತದಲ್ಲಿ ಬಂದ ಜಗಳ: ಗೋಟಿಂಗೆನ್ನಿನ ಆರು ಹುಂಜಗಳಿಂದ ನಮ್ಮ ಹಿತ್ತಲಿನವರೆಗೆ

ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಎರಡು ಮೂರು ತಿಂಗಳವರೆಗೆ ಒಂದೇ ಬುಟ್ಟಿಯಡಿ ಮಲಗಿ, ಒಟ್ಟಿಗೆ ನುಚ್ಚು ತಿಂದು ಬೆಳೆದ ಮರಿಗಳಲ್ಲಿ ಒಂದೆರಡು, ನಾಲ್ಕೈದನೆಯ ತಿಂಗಳಿಗೆ ಬೇರೆಯೇ ಆಗಿಬಿಡುತ್ತವೆ. ಜುಟ್ಟು ಕೆಂಪೇರುತ್ತದೆ. ಕೊಕ್ಕಿನ ಕೆಳಗೆ ಜೋಲು ಇಳಿಯುತ್ತದೆ. ಒಡಕು ದನಿಯಲ್ಲಿ ಕೂಗು ಶುರುವಾಗುತ್ತದೆ. ನಿನ್ನೆಯವರೆಗೆ ಜೊತೆಗಿದ್ದ ಒಡಹುಟ್ಟಿದ ಹುಂಜವನ್ನು ಕಂಡರೆ ಕತ್ತಿನ ಗರಿ ಕೆದರುತ್ತದೆ. ಕೊನೆಗೆ ಒಂದು ದಿನ ಕಾಳು ಹಾಕಲು ಬಂದವರ ಕಾಲಿಗೇ ಹಾರುತ್ತದೆ.

ನಮ್ಮ ಊರಿನ ಮನೆಯಲ್ಲಿ ಹೀಗೊಂದು ಗಿರಿರಾಜ ಹುಂಜ ಮೊಮ್ಮಗುವಿನ ಮೊಣಕಾಲಿಗೆ ಒದ್ದು ರಕ್ತ ಬರಿಸಿದಾಗ ಅತ್ತಿಗೆ ಕೇಳಿದ್ದರು: "ಅಷ್ಟೆಲ್ಲ ಓದಿದ್ದೀಯಲ್ಲಪ್ಪ, ಇದಕ್ಕೇನು ಬಂದಿದೆ ಹೇಳು." ನಾನು ಬಾಯಿ ತೆರೆಯುವ ಮೊದಲೇ ಅಣ್ಣ ತೀರ್ಪು ಕೊಟ್ಟಾಗಿತ್ತು: "ಅದರ ರಕ್ತದಲ್ಲೇ ಇದೆ ಬಿಡು. ಸಾರಿಗೆ ಹಾಕಿದರೆ ಸರಿಹೋಗುತ್ತೆ."

ಅಣ್ಣನ ಮಾತಿನ ಎರಡನೆಯ ಭಾಗದ ಬಗ್ಗೆ ವಿಜ್ಞಾನಕ್ಕೆ ಹೇಳಲು ಹೆಚ್ಚೇನೂ ಇಲ್ಲ. ಆದರೆ ಮೊದಲನೆಯ ಭಾಗ ಅಕ್ಷರಶಃ ನಿಜವೇ ಎಂಬ ಪ್ರಶ್ನೆಗೆ ಸುಮಾರು 175 ವರ್ಷಗಳ ಇತಿಹಾಸವಿದೆ. ಹುಂಜದ ಜಗಳ ಎಲ್ಲಿಂದ ಬರುತ್ತದೆ ಎಂದು ಹುಡುಕಹೊರಟವರು ದಾರಿಯಲ್ಲಿ ಹಾರ್ಮೋನನ್ನೂ, ಸಮಾಜ ಜೀವಶಾಸ್ತ್ರದ ಒಂದು ಮೂಲ ಕಲ್ಪನೆಯನ್ನೂ, ಗಣಿತದ ಒಂದು ಸೊಗಸಾದ ಪ್ರಮೇಯವನ್ನೂ ಕಂಡರು. ಭೌತವಿಜ್ಞಾನದವನಾದ ನನಗೆ ಕೋಳಿಯ ಮೇಲೆ ಕುತೂಹಲ ಹುಟ್ಟಿದ್ದು ಈ ಇತಿಹಾಸ ಓದಿದ ಮೇಲೆಯೇ.

ಹಳೆಯ ಅನುಭವ, ಹೊಸ ಪ್ರಶ್ನೆ

ಹುಂಜದ ಬೀಜ ತೆಗೆದರೆ ಅದು ಸಾಧುವಾಗುತ್ತದೆ, ಕೊಬ್ಬುತ್ತದೆ ಎಂಬುದು ಬಹಳ ಹಳೆಯ ತಿಳಿವಳಿಕೆ. ಹಕ್ಕಿಗಳಲ್ಲಿ ವೃಷಣಗಳು ಹೊರಗೆ ಕಾಣುವುದಿಲ್ಲ. ಹೊಟ್ಟೆಯೊಳಗೆ, ಬೆನ್ನಿಗೆ ಅಂಟಿದಂತೆ, ಮೂತ್ರಪಿಂಡಗಳ ಬಳಿ ಇರುತ್ತವೆ. ಹಾಗಿದ್ದರೂ ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲೇ ಅರಿಸ್ಟಾಟಲ್ ಈ ಪದ್ಧತಿಯ ಬಗ್ಗೆ ಬರೆದಿದ್ದಾನೆ. ಹುಂಜದ ಹಿಂಭಾಗವನ್ನು ಕಾಯಿಸಿದ ಕಬ್ಬಿಣದಿಂದ ಸುಟ್ಟರೆ ಅದರ ಜುಟ್ಟು ಬಿಳಿಚಿಕೊಳ್ಳುತ್ತದೆ, ಅದು ಕೂಗುವುದನ್ನು ಬಿಡುತ್ತದೆ, ಹೇಂಟೆಗಳ ಗೋಜಿಗೆ ಹೋಗುವುದಿಲ್ಲ ಎಂದು ಅವನ ವಿವರಣೆ. ವಿಧಾನ ಕ್ರೂರವಾದದ್ದು, ಆದರೆ ಅವಲೋಕನ ಸರಿಯಾಗಿದೆ. ಜುಟ್ಟು, ಕೂಗು, ಜಗಳ, ಕಾಮ ನಾಲ್ಕೂ ಒಂದೇ ದಾರಕ್ಕೆ ಪೋಣಿಸಿದಂತೆ ಒಟ್ಟಿಗೇ ಹೋಗುತ್ತವೆ ಎಂಬುದನ್ನು ಅವನು ಗಮನಿಸಿದ್ದ.

ಆ ದಾರ ಯಾವುದು? ಈ ಪ್ರಶ್ನೆಯನ್ನು ಪ್ರಯೋಗದ ಮೂಲಕ ಕೇಳಬಹುದು ಎಂದು ಹೊಳೆಯಲು ಎರಡು ಸಾವಿರ ವರ್ಷಗಳೇ ಬೇಕಾದವು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಅದರ ಬಾಗಿಲವರೆಗೂ ಬಂದಿದ್ದ. ಅಂಗಗಳನ್ನು ಕಸಿ ಮಾಡುವುದು ಅವನಿಗೊಂದು ಗೀಳು. ಹುಂಜದ ಕಾಲಿನ ಮುಳ್ಳನ್ನು ಜುಟ್ಟಿಗೆ ನೆಟ್ಟ, ಮನುಷ್ಯನ ಹಲ್ಲನ್ನೂ ಜುಟ್ಟಿಗೆ ನೆಟ್ಟ, ಹುಂಜದ ವೃಷಣವನ್ನು ಹೇಂಟೆಯ ಹೊಟ್ಟೆಯೊಳಗೆ ಇಟ್ಟು ಅಂಟಿಕೊಳ್ಳುತ್ತದೆಯೇ ಎಂದು ನೋಡಿದ. ಅವನಿಗೆ ಬೇಕಿದ್ದದ್ದು ಅಂಟಿಕೊಳ್ಳುತ್ತದೆಯೇ ಇಲ್ಲವೇ ಎಂಬುದು ಮಾತ್ರ. ಕಸಿ ಮಾಡಿದ ಮೇಲೆ ಹಕ್ಕಿ ಹೇಗೆ ನಡೆದುಕೊಂಡಿತು ಎಂಬುದರ ಕಡೆಗೆ ಅವನ ಲಕ್ಷ್ಯ ಹೋಗಲಿಲ್ಲ. ಉತ್ತರ ಎದುರಿಗಿದ್ದರೂ ಪ್ರಶ್ನೆ ಕೈಯಲ್ಲಿಲ್ಲದಿದ್ದರೆ ಹೀಗಾಗುತ್ತದೆ.

1848ರ ಆಗಸ್ಟ್ 2

ಜರ್ಮನಿಯ ಗೋಟಿಂಗೆನ್ ಎಂದರೆ ನಮಗೆ ನೆನಪಾಗುವವರು ಗಾಸ್ ಮತ್ತು ವೇಬರ್. 1833ರಲ್ಲಿ ಅವರಿಬ್ಬರೂ ಖಗೋಳ ವೀಕ್ಷಣಾಲಯಕ್ಕೂ ಭೌತವಿಜ್ಞಾನ ಪ್ರಯೋಗಾಲಯಕ್ಕೂ ನಡುವೆ ಊರ ಚಾವಣಿಗಳ ಮೇಲೆ ತಂತಿ ಎಳೆದು ವಿದ್ಯುತ್ಕಾಂತೀಯ ಟೆಲಿಗ್ರಾಫನ್ನು ನಡೆಸಿ ತೋರಿಸಿದ್ದರು. ಅದೇ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾವಿಜ್ಞಾನ ಕಲಿಸುತ್ತ, ಪ್ರಾಣಿ ಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದವನು ಆರ್ನಾಲ್ಡ್ ಆಡಾಲ್ಫ್ ಬರ್ಟೋಲ್ಡ್ (1803–1861). 1848ರ ಆಗಸ್ಟ್ 2ರಂದು ಅವನು ಆರು ಎಳೆಯ ಹುಂಜಗಳನ್ನು ತೆಗೆದುಕೊಂಡ. ಮೂರಕ್ಕೆ ಎರಡು ತಿಂಗಳು, ಮೂರಕ್ಕೆ ಮೂರು ತಿಂಗಳು. ಅಂದರೆ ನಮ್ಮ ಹಿತ್ತಲಿನ ಜಗಳ ಶುರುವಾಗುವುದಕ್ಕೆ ತುಸು ಮುಂಚಿನ ವಯಸ್ಸು.

ಅವನು ಮಾಡಿದ್ದನ್ನು ನಿಧಾನವಾಗಿ ನೋಡಬೇಕು. ಎರಡು ಮರಿಗಳಲ್ಲಿ ಎರಡೂ ವೃಷಣಗಳನ್ನು ತೆಗೆದುಹಾಕಿದ. ಇನ್ನೆರಡರಲ್ಲಿ ಒಂದು ವೃಷಣವನ್ನು ತೆಗೆದು, ಇನ್ನೊಂದನ್ನು ಅದರ ಸ್ಥಾನದಿಂದ ಬಿಡಿಸಿ ಹೊಟ್ಟೆಯ ಕುಹರದಲ್ಲೇ ಬಿಟ್ಟ. ಉಳಿದೆರಡರಲ್ಲಿ ಎರಡೂ ವೃಷಣಗಳನ್ನು ತೆಗೆದು, ಇದರದ್ದೊಂದನ್ನು ಅದರ ಹೊಟ್ಟೆಗೂ ಅದರದ್ದೊಂದನ್ನು ಇದರ ಹೊಟ್ಟೆಗೂ, ಕರುಳುಗಳ ನಡುವೆ ಇಟ್ಟ. ಹೊಲಿದು ಬಿಟ್ಟ. ಕಾದ.

ಮೊದಲ ಎರಡು, ನಿರೀಕ್ಷಿಸಿದಂತೆ, ಬೀಜ ತೆಗೆದ ಹುಂಜಗಳಾಗಿಯೇ ಬೆಳೆದವು. ಜುಟ್ಟು ಬಿಳಿಚಿಕೊಂಡು ಚಿಕ್ಕದಾಗಿಯೇ ಉಳಿಯಿತು. ಕೂಗು ಬರಲಿಲ್ಲ. ಬೇರೆ ಹುಂಜ ಎದುರಾದರೆ ಒಂದಿಷ್ಟು ಹೊತ್ತು ಮನಸ್ಸಿಲ್ಲದ ಜಗಳವಾಡಿ ಸರಿದುಹೋಗುತ್ತಿದ್ದವು. ಉಳಿದ ನಾಲ್ಕೂ ಪೂರ್ಣ ಪ್ರಮಾಣದ ಹುಂಜಗಳಾದವು. ಗಟ್ಟಿಯಾಗಿ ಕೂಗಿದವು, ತಮ್ಮತಮ್ಮಲ್ಲೂ ಬೇರೆ ಹುಂಜಗಳೊಂದಿಗೂ ಹೋರಾಡಿದವು, ಹೇಂಟೆಗಳ ಹಿಂದೆ ಓಡಿದವು. ಜುಟ್ಟು ಜೋಲುಗಳು ಕೆಂಪಗೆ ತುಂಬಿಕೊಂಡವು.

ಹಕ್ಕಿಗಳನ್ನು ಕೊಯ್ದು ನೋಡಿದಾಗ ಕಸಿ ಮಾಡಿದ ವೃಷಣ ಹೊಸ ಜಾಗದಲ್ಲಿ ಅಂಟಿಕೊಂಡು, ದಪ್ಪಗಾಗಿ, ಹೊಸ ರಕ್ತನಾಳಗಳನ್ನು ಪಡೆದಿತ್ತು. ಹಳೆಯ ನರಗಳ ಸಂಬಂಧ ಮಾತ್ರ ಕಡಿದೇಹೋಗಿತ್ತು. ಇಲ್ಲಿ ಬರ್ಟೋಲ್ಡ್ ಮಾಡಿದ ತರ್ಕ ತರಗತಿಯಲ್ಲಿ ಹೇಳಲು ಯೋಗ್ಯವಾದದ್ದು. ವೃಷಣಕ್ಕೂ ಜುಟ್ಟಿಗೂ, ವೃಷಣಕ್ಕೂ ಮಿದುಳಿಗೂ ನಡುವೆ ಸಂದೇಶ ಹೋಗುತ್ತಿದೆ. ಸಂದೇಶ ನರದ ಮೂಲಕ ಹೋಗುತ್ತಿದ್ದರೆ ನರ ಕಡಿದ ಕೂಡಲೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಉಳಿದಿರುವ ದಾರಿ ಒಂದೇ. ವೃಷಣವು ರಕ್ತದ ಮೇಲೆ ಏನೋ ಪರಿಣಾಮ ಮಾಡುತ್ತದೆ, ಆ ರಕ್ತ ಇಡೀ ದೇಹದ ಮೇಲೆ ಪರಿಣಾಮ ಮಾಡುತ್ತದೆ. ತಂತಿಯ ಮೂಲಕ ಸುದ್ದಿ ಕಳಿಸುವುದನ್ನು ಜಗತ್ತಿಗೆ ತೋರಿಸಿದ ಊರಿನಲ್ಲೇ, ತಂತಿ ಇಲ್ಲದೆಯೂ ದೇಹದಲ್ಲಿ ಸುದ್ದಿ ಹೋಗುತ್ತದೆ ಎಂದು ಆರು ಹುಂಜಗಳು ಹೇಳಿದವು.

ಆರೇ ಹಕ್ಕಿ, ಗುಂಪಿಗೆ ಎರಡೇ ಎಂದು ಇಂದಿನ ಸಂಶೋಧನಾ ವಿದ್ಯಾರ್ಥಿ ಮೂಗು ಮುರಿಯಬಹುದು. ಆದರೆ ಹೋಲಿಕೆಗೆ ಬೇಕಾದ ಗುಂಪು ಇದೆ. ಶಸ್ತ್ರಕ್ರಿಯೆಯ ಗಾಯವೇ ಕಾರಣವಿರಬಹುದೇ ಎಂಬ ಸಂಶಯಕ್ಕೆ ಅವಕಾಶವಿಲ್ಲ, ಏಕೆಂದರೆ ಆರಕ್ಕೂ ಹೊಟ್ಟೆ ಸೀಳಲಾಗಿದೆ. ತನ್ನದೇ ವೃಷಣ ಬೇಕೇ, ಬೇರೆಯದಾದರೂ ನಡೆಯುತ್ತದೆಯೇ ಎಂಬ ಪ್ರಶ್ನೆಗೂ ಉತ್ತರವಿದೆ. ಪ್ರಯೋಗ ವಿನ್ಯಾಸ ಚೊಕ್ಕವಾಗಿದ್ದರೆ ಎಣಿಕೆ ಸಣ್ಣದಿದ್ದರೂ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

1849ರಲ್ಲಿ ಐದಾರು ಪುಟಗಳೂ ತುಂಬದ ಲೇಖನವಾಗಿ ಇದು ಅಚ್ಚಾಯಿತು. ಆಮೇಲೆ ಏನಾಯಿತು? ಏನೂ ಆಗಲಿಲ್ಲ. ಬರ್ಟೋಲ್ಡ್ ಕೂಡ ಮುಂದುವರಿಸಲಿಲ್ಲ. ಅದೇ ಊರಿನ ರುಡಾಲ್ಫ್ ವ್ಯಾಗ್ನರ್ ಕಸಿಯನ್ನು ಮತ್ತೆ ಮಾಡಲು ಹೋಗಿ ವಿಫಲನಾದ. ಕಾಲವೂ ಅನುಕೂಲವಾಗಿರಲಿಲ್ಲ. ಅದು ನರಗಳ ಕಾಲ. 1848ರಲ್ಲಿ ದ್ಯೂಬ್ವಾ-ರೇಮಾಂ ಪ್ರಾಣಿವಿದ್ಯುತ್ತಿನ ಮೇಲಿನ ತನ್ನ ಮಹಾಗ್ರಂಥದ ಮೊದಲ ಸಂಪುಟ ಹೊರತಂದಿದ್ದ. ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂಕೇತದ ವೇಗವನ್ನು ಅಳೆದು, ಸೆಕೆಂಡಿಗೆ ಮೂವತ್ತು ಮೀಟರಿನ ಆಸುಪಾಸು ಎಂದು 1850ರಲ್ಲಿ ಪ್ರಕಟಿಸಿದ. ಗ್ಯಾಲ್ವನೋಮೀಟರಿನ ಮುಳ್ಳು ಆಡುತ್ತಿದ್ದ ಆ ದಿನಗಳಲ್ಲಿ ರಕ್ತ, ರಸ ಎಂಬ ಮಾತು ಹಳೆಯ ವೈದ್ಯರ ಗೊಡ್ಡು ಮಾತಿನಂತೆ ಕೇಳಿಸಿರಬೇಕು. ಈ ತಪ್ಪಿನಲ್ಲಿ ನಮ್ಮ ಭೌತವಿಜ್ಞಾನಕ್ಕೂ ಒಂದು ಪಾಲು ಇದೆ ಎಂದು ನನ್ನ ಅನಿಸಿಕೆ.

ಬರ್ಟೋಲ್ಡ್ 1861ರಲ್ಲಿ ತೀರಿಕೊಂಡ. ಬೇಲಿಸ್ ಮತ್ತು ಸ್ಟಾರ್ಲಿಂಗ್ ಕರುಳಿನಿಂದ ರಕ್ತಕ್ಕೆ ಸೇರುವ ಸೆಕ್ರಿಟಿನ್ನನ್ನು ಕಂಡದ್ದು 1902ರಲ್ಲಿ. ‘ಹಾರ್ಮೋನು’ ಎಂಬ ಹೆಸರು ಬಳಕೆಗೆ ಬಂದದ್ದು 1905ರಲ್ಲಿ. ಆಮೇಲೆಯೇ ಈ ಆರು ಹುಂಜಗಳನ್ನು ಜನ ಮತ್ತೆ ನೆನೆದದ್ದು.

ಒಂದು ಅಡ್ಡದಾರಿ

ನಡುವೆ ಒಂದು ವಿಚಿತ್ರ ಘಟನೆ ನಡೆಯಿತು. 1889ರ ಜೂನ್ 1ರಂದು ಪ್ಯಾರಿಸ್ಸಿನಲ್ಲಿ ಹೆಸರಾಂತ ಶರೀರವಿಜ್ಞಾನಿ ಬ್ರೌನ್-ಸೆಕಾರ್, ತನ್ನ 72ನೆಯ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಯ ವೃಷಣಗಳ ರಸವನ್ನು ತನಗೇ ಚುಚ್ಚಿಕೊಂಡು ಯೌವನದ ಹುರುಪು ಮರಳಿದೆ ಎಂದು ಸಾರಿದ. ಯುರೋಪು ಅಮೆರಿಕಗಳಲ್ಲಿ ಔಷಧ ವ್ಯಾಪಾರಿಗಳು ಮುಗಿಬಿದ್ದರು. ಅವನು ಬಳಸಿದ್ದು ನೀರಿನಲ್ಲಿ ಅರೆದು ಸೋಸಿದ ರಸ. ಟೆಸ್ಟೊಸ್ಟಿರಾನ್ ಒಂದು ಸ್ಟಿರಾಯ್ಡು. ನೀರಿನಲ್ಲಿ ಕರಗುವುದು ಅತ್ಯಲ್ಪ. ಅಲ್ಲದೆ ವೃಷಣ ಅದನ್ನು ಕೂಡಿಡುವುದಿಲ್ಲ, ತಯಾರಾದಂತೆ ರಕ್ತಕ್ಕೆ ಬಿಡುತ್ತದೆ. 2002ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಅವನ ವಿಧಾನವನ್ನೇ ಅನುಸರಿಸಿ ರಸ ತಯಾರಿಸಿ ಅಳೆದಾಗ ಅದರಲ್ಲಿದ್ದ ಹಾರ್ಮೋನು ಯಾವ ಪರಿಣಾಮವನ್ನೂ ಮಾಡಲಾರದಷ್ಟು ಕಡಿಮೆ ಎಂದು ತಿಳಿಯಿತು. ಮುದುಕನ ಹುರುಪು ನಂಬಿಕೆಯಿಂದ ಬಂದದ್ದು. ಬರ್ಟೋಲ್ಡನ ಹುಂಜಗಳಿಗೆ ಆ ಸೌಲಭ್ಯ ಇರಲಿಲ್ಲ. ಅವಕ್ಕೆ ಪ್ರಯೋಗದ ಉದ್ದೇಶ ಗೊತ್ತಿರಲಿಲ್ಲ.

ಜುಟ್ಟು ಎಂಬ ಮಾಪಕ

ರಕ್ತದಲ್ಲಿ ಏನೋ ಇದೆ ಎಂದ ಮೇಲೆ ಅದನ್ನು ಹೊರತೆಗೆದು ತೋರಿಸಬೇಕು. ಆದರೆ ಕಣ್ಣಿಗೆ ಕಾಣದ, ತೂಕಕ್ಕೆ ಸಿಗದ ವಸ್ತು ಯಾವ ಸೀಸೆಯಲ್ಲಿದೆ ಎಂದು ತಿಳಿಯುವುದು ಹೇಗೆ? ಮಾಪಕವೊಂದು ಬೇಕು. ಆ ಮಾಪಕವಾಗಿ ಒದಗಿದ್ದು ಬೀಜ ತೆಗೆದ ಹುಂಜದ ಜುಟ್ಟೇ. 1911ರಲ್ಲಿ ಫ್ರಾನ್ಸಿನ ಪೆಜಾರ್, ವೃಷಣದ ರಸ ಚುಚ್ಚಿದಾಗ ಇಂಥ ಹುಂಜದ ಜುಟ್ಟು ಬೆಳೆಯುತ್ತದೆ ಎಂದು ತೋರಿಸಿದ. 1927ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಫ್ರೆಡ್ ಕಾಕ್ ಮತ್ತು ಅವನ ವಿದ್ಯಾರ್ಥಿ ಲೆಮ್ಯುಯೆಲ್ ಮೆಗೀ, ಊರಿನ ದೊಡ್ಡ ಕಸಾಯಿಖಾನೆಗಳಿಂದ ತಂದ 40 ಪೌಂಡ್ ಹೋರಿ ವೃಷಣಗಳನ್ನು ದ್ರಾವಕಗಳಲ್ಲಿ ಸಂಸ್ಕರಿಸಿ ಸುಮಾರು 20 ಮಿಲಿಗ್ರಾಂ ಸತ್ವ ಪಡೆದರು. ಅದನ್ನು ಚುಚ್ಚಿದಾಗ ಬಿಳಿಚಿಕೊಂಡಿದ್ದ ಜುಟ್ಟು ಕೆಲವೇ ದಿನಗಳಲ್ಲಿ ಕೆಂಪಾಗಿ ಹಿಗ್ಗಿತು.

ಮುಂದೆ ಇದು ಕರಾರುವಾಕ್ಕಾದ ಅಳತೆಯೇ ಆಯಿತು. ದಿನವೂ ಇಷ್ಟು ಚುಚ್ಚುವುದು, ಜುಟ್ಟಿನ ಉದ್ದ ಎತ್ತರಗಳನ್ನು ಮಿಲಿಮೀಟರಿನಲ್ಲಿ ಕೂಡುವುದು, ಹಲವು ಹಕ್ಕಿಗಳ ಸರಾಸರಿ ತೆಗೆಯುವುದು. ಒಂದೊಂದು ಹಕ್ಕಿ ಒಂದೊಂದು ರೀತಿ ಪ್ರತಿಕ್ರಿಯಿಸುವುದರಿಂದ ಮಾನದಂಡ ಬೇಕಾಯಿತು. 1935ರಲ್ಲಿ ರಾಷ್ಟ್ರಸಂಘದ ಸಮಿತಿಯು 0.1 ಮಿಲಿಗ್ರಾಂ ಶುದ್ಧ ಆಂಡ್ರೊಸ್ಟಿರಾನಿನ ಪರಿಣಾಮವನ್ನು ಅಂತರರಾಷ್ಟ್ರೀಯ ಏಕಮಾನವೆಂದು ಗೊತ್ತುಮಾಡಿತು. ಮೀಟರಿಗೆ ಪ್ಯಾರಿಸ್ಸಿನ ಸರಳು ಇದ್ದ ಹಾಗೆ ಗಂಡುತನಕ್ಕೆ ಹುಂಜದ ಜುಟ್ಟು!

ಆಂಡ್ರೊಸ್ಟಿರಾನನ್ನು ಬೇರ್ಪಡಿಸಿದವನು ಜರ್ಮನಿಯ ಅಡಾಲ್ಫ್ ಬ್ಯುಟೆನಾಂಟ್, 1931ರಲ್ಲಿ. ಅದಕ್ಕಾಗಿ ಪೊಲೀಸರ ಬ್ಯಾರಕ್ಕುಗಳಿಂದ ಸುಮಾರು 15,000 ಲೀಟರ್ ಮೂತ್ರ ಸಂಗ್ರಹಿಸಿದ; ಸಿಕ್ಕ ಹರಳು ಸುಮಾರು 15 ಮಿಲಿಗ್ರಾಂ. 1934ರಲ್ಲಿ ಲಿಯೊಪೋಲ್ಡ್ ರುಜಿಕಾ ಅದನ್ನು ಕೊಲೆಸ್ಟಿರಾಲಿನಿಂದ ತಯಾರಿಸಿದ. ಆದರೆ ವೃಷಣದ ಸತ್ವ ಜುಟ್ಟಿನ ಮೇಲೆ ಮಾಡುತ್ತಿದ್ದ ಕೆಲಸ ಆಂಡ್ರೊಸ್ಟಿರಾನಿಗಿಂತ ಬಹಳ ಹೆಚ್ಚು. ಹಾಗಾದರೆ ಅಲ್ಲಿರುವುದು ಬೇರೆಯೇ ವಸ್ತು. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅರ್ನ್ಸ್ಟ್ ಲಾಕರ್‌ನ ತಂಡ ಹೋರಿಯ ವೃಷಣಗಳಿಂದ ಅದನ್ನು ಹರಳಾಗಿ ಪಡೆದು ‘ಟೆಸ್ಟೊಸ್ಟಿರಾನ್’ ಎಂದು ಹೆಸರಿಟ್ಟಿತು. ಅದೇ ವರ್ಷ ಬ್ಯುಟೆನಾಂಟ್ ಮತ್ತು ರುಜಿಕಾ ಬೇರೆಬೇರೆಯಾಗಿ ಅದನ್ನು ಸಂಶ್ಲೇಷಿಸಿದರು. 1939ರ ರಸಾಯನವಿಜ್ಞಾನದ ನೊಬೆಲ್ ಇವರಿಬ್ಬರಿಗೂ ಹಂಚಿಕೆಯಾಯಿತು. ನಾಟ್ಸಿ ಸರ್ಕಾರದ ಒತ್ತಡದಿಂದ ಬ್ಯುಟೆನಾಂಟ್ ಆಗ ಅದನ್ನು ನಿರಾಕರಿಸಬೇಕಾಯಿತು.

ಅಲ್ಲಿಗೆ ಅಣ್ಣನ ಮಾತು ಗೆದ್ದಂತೆ ತೋರಿತು. ಜಗಳ ರಕ್ತದಲ್ಲೇ ಇದೆ. 19 ಕಾರ್ಬನ್, 28 ಹೈಡ್ರೊಜನ್, 2 ಆಕ್ಸಿಜನ್ ಪರಮಾಣುಗಳ ಅಣುವಾಗಿ ಇದೆ.

ಕುಕ್ಕುವ ಸರದಿ

ಈ ಕಥೆಗೆ ಸಂಬಂಧವೇ ಇಲ್ಲದಂತೆ ನಾರ್ವೆಯಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಥೋರ್ಲೀಫ್ ಷೆಲ್ಡೆರಪ್-ಎಬ್ಬೆ (1894–1976) ಚಿಕ್ಕಂದಿನಿಂದಲೇ ಬೇಸಿಗೆ ರಜೆಯಲ್ಲಿ ಮನೆಯವರ ಕೋಳಿಗಳನ್ನು ನೋಡುತ್ತ, ಪ್ರತಿ ಕೋಳಿಗೂ ಹೆಸರಿಟ್ಟು, ಯಾರು ಯಾರನ್ನು ಕುಕ್ಕಿದರು ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ ಹುಡುಗ. 1920ರ ದಶಕದ ಆರಂಭದಲ್ಲಿ ಅವನು ಪ್ರಕಟಿಸಿದ ತೀರ್ಮಾನ ಇದು: ಕೋಳಿಗಳ ಕುಕ್ಕಾಟ ಗೊಂದಲವಲ್ಲ, ಅದಕ್ಕೊಂದು ಸರದಿ ಇದೆ. ಎಲ್ಲರನ್ನೂ ಕುಕ್ಕುವ ಒಂದು, ಅದೊಂದನ್ನು ಬಿಟ್ಟು ಉಳಿದವರನ್ನು ಕುಕ್ಕುವ ಇನ್ನೊಂದು, ಹೀಗೆ ಇಳಿಯುತ್ತ ಕೊನೆಗೆ ಎಲ್ಲರಿಂದಲೂ ಕುಕ್ಕಿಸಿಕೊಳ್ಳುವ ಒಂದು. ಸರದಿ ಒಮ್ಮೆ ನಿರ್ಧಾರವಾದರೆ ನಿಜವಾದ ಜಗಳ ಕಡಿಮೆಯಾಗುತ್ತದೆ. ಒಂದು ನೋಟ, ಕತ್ತಿನ ಒಂದು ತಿರುವು ಸಾಕು. ಹೊಸ ಹಕ್ಕಿ ಬಂದರೆ ಅಥವಾ ಇದ್ದದ್ದೊಂದು ಹೋದರೆ ಮತ್ತೆ ಎಲ್ಲ ಮೊದಲಿನಿಂದ. ಈ ಮನುಷ್ಯನಿಗೆ ತನ್ನ ದೇಶದಲ್ಲಿ ಡಾಕ್ಟರೇಟ್ ಸಿಗಲಿಲ್ಲ. ವಿದ್ವಾಂಸರ ಲೋಕದಲ್ಲೂ ಒಂದು ಸರದಿ ಇರುತ್ತದೆ, ಏನು ಮಾಡುವುದು.

ಸಂಪೂರ್ಣ ನೇರವಲ್ಲದ ಸರದಿಗಳನ್ನೂ ಅವನು ಕಂಡಿದ್ದ. ಒಂದು ಎರಡನ್ನು ಕುಕ್ಕುತ್ತದೆ, ಎರಡು ಮೂರನ್ನು ಕುಕ್ಕುತ್ತದೆ, ಮೂರು ಒಂದನ್ನೇ ಕುಕ್ಕುತ್ತದೆ! ಇಂಥ ತ್ರಿಕೋನಗಳು ಗಣಿತಜ್ಞರನ್ನು ಸೆಳೆದವು. 1951ರಲ್ಲಿ ಎಚ್. ಜಿ. ಲ್ಯಾಂಡೌ ಕೇಳಿದ ಪ್ರಶ್ನೆಯನ್ನು ವಿದ್ಯಾರ್ಥಿಗಳು ಸ್ವತಃ ಲೆಕ್ಕ ಹಾಕಿ ನೋಡಬಹುದು. ಹತ್ತು ಕೋಳಿಗಳಿದ್ದರೆ 45 ಜೋಡಿಗಳು. ಪ್ರತಿ ಜೋಡಿಯಲ್ಲೂ ಗೆಲ್ಲುವವರು ಯಾರೆಂದು ನಾಣ್ಯ ಚಿಮ್ಮಿ ನಿರ್ಧರಿಸಿದರೆ ಒಟ್ಟು ಸಾಧ್ಯತೆಗಳು 2ರ 45ನೆಯ ಘಾತ, ಅಂದರೆ ಸುಮಾರು 35 ಲಕ್ಷ ಕೋಟಿ. ಇವುಗಳಲ್ಲಿ ತ್ರಿಕೋನವೇ ಇಲ್ಲದ ನೇರ ಸರದಿಗಳು ಹತ್ತರ ಕ್ರಮಗುಣಿತದಷ್ಟು, ಅಂದರೆ 36,28,800 ಮಾತ್ರ. ಆಕಸ್ಮಿಕವಾಗಿ ನೇರ ಸರದಿ ಬರುವ ಸಂಭವ ಸುಮಾರು 97 ಲಕ್ಷಕ್ಕೆ ಒಂದು. ಕೋಳಿಗಳಲ್ಲೋ ನೇರ ಅಥವಾ ಬಹುಮಟ್ಟಿಗೆ ನೇರ ಸರದಿಗಳು ಸಾಮಾನ್ಯ. ಹಾಗಾದರೆ ನಾಣ್ಯ ಸಮವಾಗಿಲ್ಲ.

ಬಲವೇ ಕಾರಣವೆಂದರೆ? ದೊಡ್ಡದು ಚಿಕ್ಕದನ್ನು ಸೋಲಿಸುತ್ತದೆ ಎನ್ನೋಣ. ಲ್ಯಾಂಡೌ ಅದನ್ನೂ ಪರೀಕ್ಷಿಸಿದ. ಬಲಕ್ಕೂ ಗೆಲುವಿಗೂ ಸಂಬಂಧ ಅತಿ ಬಿಗಿಯಾಗಿದ್ದರಷ್ಟೇ ನೇರ ಸರದಿ ಹುಟ್ಟುತ್ತದೆ. ಹಿಂದಿನ ಜಗಳದ ಫಲಿತಾಂಶ ಮುಂದಿನದರ ಮೇಲೆ ಪ್ರಭಾವ ಬೀರಿದರೆ, ಅಂದರೆ ಗೆದ್ದದ್ದು ಮತ್ತೆ ಗೆಲ್ಲುವ, ಸೋತದ್ದು ಮತ್ತೆ ಸೋಲುವ ಸಂಭವ ಹೆಚ್ಚಿದರೆ, ಸರದಿ ಸುಲಭವಾಗಿ ಹುಟ್ಟುತ್ತದೆ. ಹಕ್ಕಿಯ ಮೈಕಟ್ಟಿನಷ್ಟೇ ಅದರ ಚರಿತ್ರೆಯೂ ಮುಖ್ಯ. (1953ರಲ್ಲಿ ಇದೇ ಲ್ಯಾಂಡೌ ಸಾಧಿಸಿದ ಪ್ರಮೇಯವನ್ನು ಗ್ರಾಫ್ ಸಿದ್ಧಾಂತ ಕಲಿಸುವವರು ಇಂದಿಗೂ ‘ರಾಜ ಕೋಳಿ’ಯ ಹೆಸರಿನಲ್ಲಿ ಹೇಳುತ್ತಾರೆ. ಎಷ್ಟೇ ತ್ರಿಕೋನಗಳಿರಲಿ, ಉಳಿದ ಪ್ರತಿ ಕೋಳಿಯನ್ನೂ ತಾನೇ ಕುಕ್ಕುವ ಅಥವಾ ತಾನು ಕುಕ್ಕುವ ಇನ್ನೊಂದರ ಮೂಲಕ ಕುಕ್ಕಿಸುವ ಒಂದು ಕೋಳಿ ಇದ್ದೇ ಇರುತ್ತದೆ. ಸಾಧನೆ ನಾಲ್ಕು ಸಾಲಿನದು. ಅತಿ ಹೆಚ್ಚು ಕೋಳಿಗಳನ್ನು ಕುಕ್ಕುವುದನ್ನು ತೆಗೆದುಕೊಂಡು ಪ್ರಯತ್ನಿಸಿ.)

ಎರಡು ಕಥೆಗಳು ಕೂಡಿದ್ದು

ಹಾರ್ಮೋನಿನ ಕಥೆ ಮತ್ತು ಸರದಿಯ ಕಥೆ ಒಂದಾದದ್ದು 1939ರಲ್ಲಿ, ಮತ್ತೆ ಷಿಕಾಗೊದಲ್ಲಿ. ಆಲೀ, ಕೋಲಿಯಾಸ್ ಮತ್ತು ಲುಥರ್‌ಮನ್ ಎಂಬ ಮೂವರು ಹೇಂಟೆಗಳ ಚಿಕ್ಕ ಗುಂಪುಗಳಲ್ಲಿ ಕೆಳಗಿನ ಸ್ಥಾನದಲ್ಲಿದ್ದವಕ್ಕೆ ಟೆಸ್ಟೊಸ್ಟಿರಾನ್ ಚುಚ್ಚಿದರು. ಅವುಗಳ ಜುಟ್ಟು ಬೆಳೆಯಿತು, ಕೆಲವು ಕೂಗಿದವು, ಮೇಲಿನವರನ್ನು ಎದುರಿಸಿ ಸರದಿಯಲ್ಲಿ ಮೇಲೇರಿದವು. ತುತ್ತತುದಿಗೆ ತಲಪಿದ್ದೂ ಉಂಟು. ಇಷ್ಟು ನಿರೀಕ್ಷಿತವೇ. ಆದರೆ ಚುಚ್ಚುವುದನ್ನು ನಿಲ್ಲಿಸಿದ ಮೇಲೂ ಅವು ಕೆಳಗಿಳಿಯಲಿಲ್ಲ. ಹಾರ್ಮೋನು ಹೋಯಿತು, ಜುಟ್ಟು ಕುಗ್ಗಿತು, ಸ್ಥಾನ ಉಳಿಯಿತು. ಯಾಕೆಂದರೆ ಸ್ಥಾನ ಇದ್ದದ್ದು ರಕ್ತದಲ್ಲಲ್ಲ, ಉಳಿದ ಕೋಳಿಗಳ ನೆನಪಿನಲ್ಲಿ.

ಇನ್ನೂ ಒಂದು ಮಡಿಕೆ ಉಳಿದಿತ್ತು. 1990ರಲ್ಲಿ ಜಾನ್ ವಿಂಗ್‌ಫೀಲ್ಡ್ ಮತ್ತು ಸಂಗಡಿಗರು ಹಲವು ಜಾತಿಯ ಹಕ್ಕಿಗಳ ರಕ್ತ ಪರೀಕ್ಷೆಗಳನ್ನು ಒಟ್ಟುಗೂಡಿಸಿ ‘ಸವಾಲಿನ ಊಹೆ’ಯನ್ನು ಮುಂದಿಟ್ಟರು. ಅದರ ಪ್ರಕಾರ ಸಂತಾನೋತ್ಪತ್ತಿಗೆ ಬೇಕಾದಷ್ಟು ಟೆಸ್ಟೊಸ್ಟಿರಾನ್ ಗಂಡಿನಲ್ಲಿ ಆ ಋತುವಿನಲ್ಲಿ ಇದ್ದೇ ಇರುತ್ತದೆ. ಅದರ ಮೇಲಿನ ದಿಢೀರ್ ಏರಿಕೆ ಬರುವುದು ಬೇರೊಂದು ಗಂಡು ಎದುರು ನಿಂತಾಗ. ಅಂದರೆ ಹಾರ್ಮೋನು ಜಗಳವನ್ನು ತರುವುದು ಎಷ್ಟು ನಿಜವೋ ಜಗಳ ಹಾರ್ಮೋನನ್ನು ತರುವುದೂ ಅಷ್ಟೇ ನಿಜ. ಎಲ್ಲ ಜಾತಿಗಳಿಗೂ ಇದು ಒಂದೇ ರೀತಿ ಅನ್ವಯಿಸುವುದಿಲ್ಲ ಎಂದು ಆಮೇಲೆ ಗೊತ್ತಾಗಿದೆ. ಆದರೂ ಕಾರಣದಿಂದ ಕಾರ್ಯಕ್ಕೆ ಒಂದೇ ಬಾಣ ಎಳೆಯುವ ಅಭ್ಯಾಸವನ್ನು ಅದು ಬಿಡಿಸಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಧನ ಮರುಪೂರಣ. ಮೈಕನ್ನು ಸ್ಪೀಕರಿನ ಎದುರು ಹಿಡಿದರೆ ಕಿರುಚುತ್ತದಲ್ಲ, ಹಾಗೆ.

ರಾಸಾಯನಿಕ ಉಪಾಯದ ಬೆಲೆ

ಹಾರ್ಮೋನು ಕೈಗೆ ಸಿಕ್ಕಿದ ಮೇಲೆ ಚಾಕುವಿಲ್ಲದೆಯೇ ಹುಂಜವನ್ನು ಸಾಧುವಾಗಿಸಬಹುದು ಎಂದು ಕೋಳಿ ಉದ್ಯಮಕ್ಕೆ ತೋರಿತು. 1938ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ತಂಡ ತಯಾರಿಸಿದ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಹೆಣ್ಣು ಹಾರ್ಮೋನಿನಂತೆ ಕೆಲಸ ಮಾಡುವ ಅಗ್ಗದ ರಾಸಾಯನಿಕ. ಅದರ ಗುಳಿಗೆಯೊಂದನ್ನು ಎಳೆಯ ಹುಂಜದ ಕತ್ತಿನ ಮೇಲ್ಭಾಗದಲ್ಲಿ ಚರ್ಮದಡಿ ಸೇರಿಸಿದರೆ ಹಕ್ಕಿ ಜಗಳ ಬಿಟ್ಟು ಕೊಬ್ಬುತ್ತಿತ್ತು. 1947ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ತಲೆಯನ್ನು ಹೇಗೂ ಯಾರೂ ತಿನ್ನುವುದಿಲ್ಲ, ಕತ್ತರಿಸಿ ಎಸೆಯುತ್ತಾರೆ ಎಂಬುದು ಸಮಾಧಾನ. ಎಸೆದ ತಲೆಗಳು ತುಪ್ಪಳಕ್ಕಾಗಿ ಮಿಂಕ್ ಎಂಬ ಪ್ರಾಣಿ ಸಾಕುವವರಿಗೆ ಅಗ್ಗದ ಮೇವಾದವು, ಮಿಂಕ್‌ಗಳು ಬಂಜೆಯಾದವು. ಕೋಳಿಗಳಲ್ಲಿ ಇದರ ಬಳಕೆಯನ್ನು 1959ರಲ್ಲಿ ನಿಲ್ಲಿಸಲಾಯಿತು. ಇದೇ ರಾಸಾಯನಿಕವನ್ನು ಗರ್ಭಪಾತ ತಡೆಯಲೆಂದು ಗರ್ಭಿಣಿಯರಿಗೂ ಕೊಡುತ್ತಿದ್ದರು. ಅವರ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸಿಕೊಂಡದ್ದು ವರದಿಯಾದದ್ದು 1971ರಲ್ಲಿ. ಹಕ್ಕಿಗಳು, ಮಿಂಕ್‌ಗಳು ಮೊದಲೇ ಕೊಟ್ಟಿದ್ದ ಎಚ್ಚರಿಕೆಯನ್ನು ಮನುಷ್ಯರ ವೈದ್ಯರು ಕೇಳಿಸಿಕೊಳ್ಳಲಿಲ್ಲ.

ಹಿತ್ತಲಿಗೆ ಮರಳಿ

ಇಷ್ಟನ್ನು ತಿಳಿದು ಅತ್ತಿಗೆಯ ಹುಂಜಕ್ಕೆ ಏನು ಮಾಡಬೇಕಿತ್ತು? ಅವರು ಮಾಡುತ್ತಿದ್ದದ್ದು ಎರಡು ಕೆಲಸ. ಮಕ್ಕಳು ಕಿರುಚಿ ಓಡುತ್ತಿದ್ದರು, ದೊಡ್ಡವರು ಕಾಲಿನಿಂದ ಒದೆಯುತ್ತಿದ್ದರು. ಓಡಿದವರು ಹುಂಜದ ಲೆಕ್ಕದಲ್ಲಿ ಸೋತವರು. ಆ ಗೆಲುವು ಮುಂದಿನ ಗೆಲುವಿಗೆ ಬಂಡವಾಳ. ಒದ್ದವರು ಸವಾಲು ಹಾಕಿದವರು. ಆ ಸವಾಲು ರಕ್ತದಲ್ಲಿ ಹಾರ್ಮೋನು ಏರಿಸುತ್ತದೆ. ಎರಡೂ ದಾರಿಯಲ್ಲಿ ಹುಂಜ ಹೆಚ್ಚು ಜಗಳಗಂಟಿಯೇ ಆಗುತ್ತದೆ. ಅನುಭವಸ್ಥ ಸಾಕಣೆದಾರರು ಹೇಳುವುದು ಇವೆರಡನ್ನೂ ಬಿಡಿ ಎಂದೇ. ಅದು ಎರಗಿ ಬಂದಾಗ ಓಡದೆ, ಹೊಡೆಯದೆ ಗಟ್ಟಿಯಾಗಿ ನಿಂತು, ಮೊರವನ್ನೋ ಬುಟ್ಟಿಯನ್ನೋ ಅಡ್ಡ ಹಿಡಿದು, ಅದು ತಾನಾಗಿ ಬೇರೆ ಕಡೆ ತಿರುಗುವವರೆಗೂ ಅಲ್ಲೇ ಇರುವುದು. ಚಿಕ್ಕ ಮಕ್ಕಳನ್ನು ಮಾತ್ರ ಈ ಪಾಠಕ್ಕೆ ಬಿಡಬಾರದು. ಹುಂಜದ ಮುಳ್ಳು ತಾಗುವ ಎತ್ತರದಲ್ಲೇ ಅವರ ಕಣ್ಣುಗಳಿರುತ್ತವೆ. ಮುಳ್ಳು ಆಳಕ್ಕೆ ಚುಚ್ಚಿದ ಗಾಯಕ್ಕೆ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳುವುದು ಒಳ್ಳೆಯದು.

ಗುಂಪಿನ ರಚನೆ ಇದಕ್ಕಿಂತ ಮುಖ್ಯ. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಅತ್ತಿಗೆಯ ಹಿತ್ತಲಲ್ಲಿ ಆರು ಹೇಂಟೆಗೆ ಮೂರು ಹುಂಜಗಳಿದ್ದವು. ಎಂದರೆ ಪ್ರತಿ ಹುಂಜಕ್ಕೂ ದಿನವಿಡೀ ಸವಾಲು. ಹೆಚ್ಚಿನ ಹುಂಜಗಳನ್ನು ಜುಟ್ಟು ಕೆಂಪೇರುವ ಮೊದಲೇ ಬೇರೆ ಮಾಡಬೇಕು. ಸಾಧ್ಯವಾದರೆ ಹೇಂಟೆಗಳು ಕಣ್ಣಿಗೆ ಬೀಳದಷ್ಟು ದೂರ. ಕಾಳನ್ನು ಎರಡು ಮೂರು ಕಡೆ ಚೆಲ್ಲಬೇಕು. ಸೋತದ್ದು ಮರೆಯಾಗಲು ಸೌದೆ ರಾಶಿಯೋ ಗಿಡಗಂಟಿಯೋ ಇರಬೇಕು. ಓಡಿಹೋಗಲು ಜಾಗವಿಲ್ಲದ ಗೂಡಿನಲ್ಲಿ ಸೋಲು ಮುಗಿಯುವುದೇ ಇಲ್ಲ. ಒಂದನ್ನು ಕೆಲವು ವಾರ ಬೇರೆ ಇಟ್ಟು ಮತ್ತೆ ಬಿಟ್ಟರೆ ಉಳಿದವಕ್ಕೆ ಅದು ಅಪರಿಚಿತನೇ, ಸರದಿ ಹೊಸದಾಗಿ ನಿರ್ಧಾರವಾಗಬೇಕು. ಆದ್ದರಿಂದ ಪದೇ ಪದೇ ತೆಗೆದು ಬಿಡುವುದರಿಂದ ಉಪಯೋಗಕ್ಕಿಂತ ಉಪದ್ರವವೇ ಹೆಚ್ಚು.

ಹುಟ್ಟಿನ ಪಾತ್ರ ಏನೂ ಇಲ್ಲವೆಂದು ಇದರ ಅರ್ಥವಲ್ಲ. ತಲೆಮಾರುಗಳಿಂದ ಕಾದಾಟಕ್ಕೆಂದೇ ಆರಿಸಿ ಬೆಳೆಸಿದ ಅಸೀಲ್‌ನಂಥ ತಳಿಗಳ ಮರಿಗಳು ಬೇರೆ ಮರಿಗಳಿಗಿಂತ ಬೇಗ, ಹೆಚ್ಚು ಉಗ್ರವಾಗಿ ಕಾದುತ್ತವೆ. ಕರಾವಳಿಯ ಕೋಳಿ ಅಂಕ ಬಲ್ಲವರಿಗೆ ಇದನ್ನು ಹೇಳಬೇಕಿಲ್ಲ. ಪ್ರಾಣಿಗಳನ್ನು ಹೀಗೆ ಕಾದಾಡಿಸುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಅಪರಾಧವೆಂದು ಗಣಿಸಿದೆ. ಆದರೆ ಒಂದೇ ತಾಯಿಯ ಮರಿಗಳಲ್ಲಿ ಒಂದು ರಾಕ್ಷಸನಾಗಿ ಇನ್ನೊಂದು ಮೂಲೆ ಸೇರುವುದನ್ನು ತಳಿಯೊಂದರಿಂದಲೇ ವಿವರಿಸಲಾಗದು. ಹುಡುಗರ ಪುಂಡಾಟಕ್ಕೆ ‘ಅದು ಹಾರ್ಮೋನು, ವಯಸ್ಸಿನ ದೋಷ’ ಎಂದು ಶಿಕ್ಷ‌ಕರ ಕೊಠಡಿಯಲ್ಲಿ ಯಾರಾದರೂ ಹೇಳಿದಾಗೆಲ್ಲ ನನಗೆ ಷಿಕಾಗೊದ ಹೇಂಟೆಗಳು ನೆನಪಾಗುತ್ತವೆ. ಕೋಳಿಯಿಂದ ಮನುಷ್ಯನಿಗೆ ನೇರ ಹಾದಿಯಿಲ್ಲ ಎಂಬುದೂ ನೆನಪಾಗಿ ಸುಮ್ಮನಾಗುತ್ತೇನೆ.

ಅತ್ತಿಗೆಯ ಹುಂಜ ಸಾರಿಗೆ ಹೋಗಲಿಲ್ಲ. ಮೂರರಲ್ಲಿ ಒಂದನ್ನು ಮಾರಿದರು, ಆ ಜಗಳಗಂಟನನ್ನು ತೋಟದ ಮನೆಗೆ ಸಾಗಿಸಿದರು. ಅಲ್ಲಿ ಅದಕ್ಕೆ ಎದುರಾಳಿಯೂ ಇರಲಿಲ್ಲ, ಹೆದರುವ ಮಕ್ಕಳೂ ಇರಲಿಲ್ಲ. ತಿಂಗಳೆರಡು ಕಳೆದ ಮೇಲೆ ಆಳಿನ ಕೈಯಿಂದ ಕಾಳು ತಿನ್ನುತ್ತಿತ್ತಂತೆ. ಮನೆಯಲ್ಲಿ ಉಳಿದದ್ದು ಸದಾ ಸೌದೆಯ ಹಿಂದೆ ಅಡಗುತ್ತಿದ್ದ ಕೊನೆಯ ಸರದಿಯ ಹುಂಜ. ಅದು ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಜಪಾನಿನ ಷಿಮ್ಮುರಾ, ಯೊಷಿಮುರಾ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಗುಂಪಿನಲ್ಲಿ ನಸುಕಿಗೆ ಮೊದಲು ಕೂಗುವ ಹಕ್ಕು ಸರದಿಯ ಮೊದಲನೆಯದಕ್ಕೆ. ಉಳಿದವು ಅದಾದ ಮೇಲೆ ತಮ್ಮ ಸ್ಥಾನದ ಪ್ರಕಾರ ಕೂಗುತ್ತವೆ. ಮೊದಲನೆಯದನ್ನು ತೆಗೆದರೆ ಎರಡನೆಯದು ಆ ಕೆಲಸ ವಹಿಸಿಕೊಳ್ಳುತ್ತದೆ. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡಿದ್ದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಆ ಕೋಳಿಗೂ ಅದೇ ಭಾವನೆ ಇದ್ದಿರಬಹುದು.

ಜಗಳಗಂಟ ಹೋದ ನಾಲ್ಕನೆಯ ದಿನ ಬೆಳಗಿನ ಜಾವ ಐದಕ್ಕೆ ಅಣ್ಣ ಫೋನು ಮಾಡಿದ. ಏನು ಅನಾಹುತವೋ ಎಂದು ಗಾಬರಿಯಿಂದ ಎತ್ತಿದೆ. ಅವನು ಮಾತಾಡಲಿಲ್ಲ, ಫೋನನ್ನು ಕಿಟಕಿಯತ್ತ ಹಿಡಿದ. ಸೌದೆ ರಾಶಿಯ ಕಡೆಯಿಂದ ಒಡಕು ದನಿಯ ಕೂಗೊಂದು ಕೇಳಿಸಿತು.